ಸಂಖ್ಯೆಯ ಗಾತ್ರವೂ ಸಂಖ್ಯೆಯ ಶೀಲವೂ

ಶಿಡ್ಲಘಟ್ಟದ ಸೀಮೆಯಲ್ಲಿ ಯಾವುದಕ್ಕೆ ಬರ ಬಂದರೂ ದೊಡ್ಡ ಸಂಖ್ಯೆಗೆ ಬರವಿಲ್ಲ. ನೂರು ಚಿಟ್ಟೆಗಳ ಮೊಟ್ಟೆಯಿಂದ ರೇಷ್ಮೆಹುಳು ಮೇಯಿಸಿದ ರೈತನೊಬ್ಬನು, ಸೊಪ್ಪಿನ ಅಭಾವವನ್ನೂ ಹುಳುವಿನ ರೋಗವನ್ನೂ ದಾಟಿ, ಬೆಳೆ ಕೈಗೆ ಹತ್ತಿ, ಎಪ್ಪತ್ತೈದು ಕಿಲೋ ಗೂಡನ್ನು ಮಾರುಕಟ್ಟೆಯ ಜಾಲರಿಯಲ್ಲಿ ಸುರಿದನೆಂದು ಇಟ್ಟುಕೊಳ್ಳೋಣ. ಕಿಲೋ ಒಂದಕ್ಕೆ ಸುಮಾರು 600 ಗೂಡು, ಗೂಡು ಒಂದಕ್ಕೆ ಸುಮಾರು 900 ಮೀಟರ್ ಎಳೆ ಎಂಬ ಸಾಧಾರಣ ಲೆಕ್ಕವನ್ನು ಹಿಡಿದರೂ ಆ ಒಂದು ಜಾಲರಿಯಲ್ಲಿ 45,000 ಗೂಡುಗಳೂ, ಅವುಗಳೊಳಗೆ 4,05,00,000 ಮೀಟರ್, ಎಂದರೆ 40,500 ಕಿಲೋಮೀಟರ್ ಉದ್ದದ ಎಳೆಯೂ ಅಡಗಿರುತ್ತವೆ. ಭೂಮಧ್ಯರೇಖೆಯ ಸುತ್ತಳತೆ ಸುಮಾರು 40,075 ಕಿಲೋಮೀಟರ್ ಆದುದರಿಂದ, ಹರಾಜಿಗೆ ಬಂದ ಆ ಒಂದೇ ಲಾಟು ಭೂಮಂಡಲವನ್ನು ಒಮ್ಮೆ ಸುತ್ತಿಬಂದು, ಗಂಟು ಹಾಕುವುದಕ್ಕೂ ಧಾರಾಳವಾಗಿ ಮಿಗುತ್ತದೆ. ಈ ಲೆಕ್ಕವನ್ನು ಹೇಳಿದರೆ ಕೇಳುವವರು ಹುಬ್ಬೇರಿಸದೆ ಇರಲಾರರು.

ಹುಬ್ಬು ಇಳಿದ ಮೇಲೆ ಉಳಿಯುವುದೇನು? 4,05,00,000 ಎಂಬ ಆ ಸಂಖ್ಯೆ ತನ್ನ ಗಾತ್ರವನ್ನು ಒಮ್ಮೆ ತೋರಿ ಸುಮ್ಮನಾಗುತ್ತದೆ. ನಮ್ಮನ್ನು ವಿಸ್ಮಯಗೊಳಿಸಿದ್ದು ಹುಳುವಿನ ಶ್ರಮ. ದೊಡ್ಡ ಸಂಖ್ಯೆಗಳೊಡನೆ ನಾವು ನಡೆಸುವ ವ್ಯವಹಾರವೆಲ್ಲ ಬಹುಮಟ್ಟಿಗೆ ಈ ಜಾತಿಯದೇ ಆಗಿದೆ. ಆಯವ್ಯಯದ ಲಕ್ಷ ಕೋಟಿಯನ್ನೂ ಜನಗಣತಿಯ ನೂರು ಕೋಟಿಯನ್ನೂ ಹಗರಣದ ಸಾವಿರ ಕೋಟಿಯನ್ನೂ ಪತ್ರಿಕೆಯಲ್ಲಿ ಓದಿ, ದೊಡ್ಡದು, ಬಹಳ ದೊಡ್ಡದು ಎಂದುಕೊಂಡು ಪುಟ ಮಗುಚುತ್ತೇವೆ. ಶಾಲೆಯಲ್ಲಿ ಮಗುವಿಗೆ ದೊಡ್ಡ ಸಂಖ್ಯೆಯ ಪರಿಚಯವಾಗುವುದೂ ಇದೇ ದಾರಿಯಲ್ಲಿ: ಒಂಬತ್ತು ಅಂಕಿಗಳ ಸಂಖ್ಯೆಯನ್ನು ಅಕ್ಷರಗಳಲ್ಲಿ ಬರೆ, ಅಲ್ಪವಿರಾಮವನ್ನು ತಕ್ಕ ಸ್ಥಳದಲ್ಲಿ ಇಡು, ಕೊಟ್ಟ ಐದನ್ನು ಏರಿಕೆಯ ಕ್ರಮದಲ್ಲಿ ಜೋಡಿಸು. ಇವೆಲ್ಲ ಆವಶ್ಯಕವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸಂಖ್ಯೆಗೆ ಗಾತ್ರವಿರುವಂತೆಯೇ ಶೀಲವೂ ಉಂಟು. ಅದು ಯಾವುದರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, ಯಾವುದಕ್ಕೂ ಜಗ್ಗದೆ ನಿಲ್ಲುತ್ತದೆ, ವರ್ಗವೋ ಅಲ್ಲವೋ, ಒಡೆದರೆ ಯಾವ ಯಾವ ಅವಿಭಾಜ್ಯಗಳಾಗಿ ಒಡೆಯುತ್ತದೆ, ಎಡದಿಂದಲೂ ಬಲದಿಂದಲೂ ಒಂದೇ ರೂಪವನ್ನು ತೋರುತ್ತದೆಯೋ ಇಲ್ಲವೋ ಎಂಬ ಈ ವಿಷಯಗಳನ್ನು ಕೇಳದೆ ಬಿಡುವ ಗಣಿತಶಿಕ್ಷಣವು ಅರ್ಧಶಿಕ್ಷಣವೆಂದು ನನ್ನ ಅಭಿಪ್ರಾಯ. ಈ ಅಪರಾಧದಲ್ಲಿ ಕನ್ನಡಿಗರಾದ ನಮ್ಮ ಪಾಲು ಇತರರ ಪಾಲಿಗಿಂತ ಒಂದು ಗುಲಗಂಜಿಯಷ್ಟಾದರೂ ಹೆಚ್ಚೆನ್ನಬೇಕು. ಏಕೆಂದರೆ ದೊಡ್ಡ ಸಂಖ್ಯೆಯ ಶೀಲವನ್ನು ಕಂಡು, ಅದನ್ನು ಆಭರಣವೆಂದು ಕರೆದು, ಅರಸನ ಕೊರಳಿಗೆ ತಕ್ಕದ್ದೆಂದು ಬಗೆದ ಗಣಿತಜ್ಞನು ಹನ್ನೊಂದು ಶತಮಾನಗಳಿಗೂ ಹಿಂದೆ ನಮ್ಮ ನಾಡಿನಲ್ಲಿಯೇ ಆಗಿಹೋಗಿದ್ದಾನೆ.

ಆತನೇ ಮಹಾವೀರಾಚಾರ್ಯ. ಇಪ್ಪತ್ತನಾಲ್ಕನೆಯ ತೀರ್ಥಂಕರನ ಹೆಸರನ್ನು ಹೊತ್ತ ಈ ಜೈನ ವಿದ್ವಾಂಸನು ಸುಮಾರು 850ರಲ್ಲಿ, ಮಾನ್ಯಖೇಟದಿಂದ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳುತ್ತಿದ್ದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 'ಗಣಿತಸಾರಸಂಗ್ರಹ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. 'ಕವಿರಾಜಮಾರ್ಗ' ಹುಟ್ಟಿದ ಆಸ್ಥಾನವೂ ಅದೇ. ಮಳಖೇಡವೆಲ್ಲಿ, ಶಿಡ್ಲಘಟ್ಟವೆಲ್ಲಿ ಎಂದು ಓದುಗರು ಕೇಳಬಹುದು. ನಮ್ಮ ಪಕ್ಕದ ನಂದಿಯ ಭೋಗನಂದೀಶ್ವರ ದೇವಾಲಯಕ್ಕೆ ಸಂಬಂಧಪಟ್ಟ ಅತ್ಯಂತ ಪ್ರಾಚೀನ ಶಾಸನಗಳಲ್ಲಿ ರಾಷ್ಟ್ರಕೂಟ ಮೂರನೆಯ ಗೋವಿಂದನ ಹೆಸರು ಬರುತ್ತದೆ, ಆ ಗೋವಿಂದನೇ ನೃಪತುಂಗನ ತಂದೆ. ಆದುದರಿಂದ ಈ ಗಣಿತಜ್ಞನನ್ನು ದೂರದವನೆಂದು ತಳ್ಳಿಬಿಡುವ ಅವಕಾಶ ನಮಗಿಲ್ಲ.

ಮಹಾವೀರನಿಗೆ ಗಾತ್ರದ ಮೋಹವಿರಲಿಲ್ಲವೆಂದಲ್ಲ. ಜೈನರ ಲೋಕವಿಚಾರವೇ ಬೃಹತ್ಸಂಖ್ಯೆಗಳನ್ನು ಬೇಡುವಂಥದು. ಏಕ, ದಶ, ಶತ ಎಂದು ಮೊದಲುಮಾಡಿ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಆತನು ಹೆಸರು ಹೇಳಿದ್ದಾನೆ. ಒಂದರ ಮುಂದೆ ಇಪ್ಪತ್ತಮೂರು ಸೊನ್ನೆಗಳನ್ನಿಟ್ಟರೆ ಮಹಾಕ್ಷೋಭ. ನಮ್ಮ ಪತ್ರಿಕೆಗಳು ಲಕ್ಷ ಕೋಟಿಯ ಆಚೆಗೆ ಪದವಿಲ್ಲದೆ ತಡವರಿಸುವುದನ್ನು ಕಂಡಾಗ ಈ ಪಟ್ಟಿಯ ನೆನಪಾಗುತ್ತದೆ. ಆದರೆ ಆ ಪಟ್ಟಿಗಿಂತ ನನಗೆ ಹೆಚ್ಚು ಪ್ರಿಯವಾದದ್ದು ಗುಣಾಕಾರದ ಪ್ರಕರಣದಲ್ಲಿ ಆತನು ಕೊಟ್ಟಿರುವ ಕೆಲವು ಉದಾಹರಣೆಗಳು. ಸಾಮಾನ್ಯವಾದ ಗಣಿತಗ್ರಂಥಕಾರನಾಗಿದ್ದರೆ ಕೈಗೆ ಬಂದ ಎರಡು ಸಂಖ್ಯೆಗಳನ್ನು ಕೊಟ್ಟು, ಗುಣಿಸು ಎಂದು ಹೇಳಿ ಮುಂದೆ ಹೋಗುತ್ತಿದ್ದನು. ಮಹಾವೀರನು ಹಾಗೆ ಮಾಡಲಿಲ್ಲ. 27994681 ಎಂಬ, ನೋಡುವುದಕ್ಕೆ ಯಾವ ಚೆಲುವೂ ಇಲ್ಲದ ಸಂಖ್ಯೆಯನ್ನು ಶಿಷ್ಯನ ಮುಂದಿಟ್ಟು, 441ರಿಂದ ಗುಣಿಸೆಂದನು. ಶಿಷ್ಯನು ಶ್ರಮಪಟ್ಟು ಗುಣಿಸಿ ಕೂಡಿದಾಗ ಬಂದದ್ದು 12345654321. ಒಂದರಿಂದ ಆರಂಭವಾಗಿ, ಆರರವರೆಗೆ ಏರಿ, ಮತ್ತೆ ಅದೇ ಕ್ರಮದಲ್ಲಿ ಒಂದಕ್ಕೆ ಇಳಿಯುವ ಅಂಕಿಗಳ ಸರ! ಇಂಥ ಗುಣಲಬ್ಧಗಳನ್ನೇ ಆತನು ಕಂಠಾಭರಣಗಳೆಂದು ಕರೆದದ್ದು.

ಈ ಹಾರವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 12345654321 ಎಂಬುದು 111111ರ ವರ್ಗ. ಸ್ಲೇಟಿನ ಮೇಲೆ ಗುಣಿಸುವ ನಮ್ಮ ಹಳೆಯ ಕ್ರಮದಲ್ಲಿ 111111ನ್ನು ಅದರಿಂದಲೇ ಗುಣಿಸಿದರೆ ಆರು ಸಾಲು ಬರೆಯಬೇಕಾಗುತ್ತದೆ. ಪ್ರತಿಯೊಂದು ಸಾಲಿನಲ್ಲಿಯೂ ಆರು ಒಂದುಗಳು, ಪ್ರತಿಯೊಂದು ಸಾಲೂ ಮೇಲಿನದಕ್ಕಿಂತ ಒಂದು ಸ್ಥಾನ ಎಡಕ್ಕೆ ಸರಿದದ್ದು. ಬಲತುದಿಯ ಕಂಬದಲ್ಲಿ ಒಂದೇ ಒಂದು ಇದೆ, ಅದರ ಪಕ್ಕದಲ್ಲಿ ಎರಡು, ಮುಂದೆ ಮೂರು. ನಡುವಣ ಕಂಬದಲ್ಲಿ ಆರೂ ಸಾಲುಗಳ ಒಂದುಗಳು ಸೇರಿ ಆರಾಗುತ್ತವೆ. ಅಲ್ಲಿಂದಾಚೆಗೆ ಒಂದೊಂದೇ ಸಾಲು ತೀರುತ್ತ ಬಂದು ಎಡತುದಿಯಲ್ಲಿ ಮತ್ತೆ ಒಂದೇ ಉಳಿಯುತ್ತದೆ. ಯಾವ ಕಂಬದ ಮೊತ್ತವೂ ಒಂಬತ್ತನ್ನು ಮೀರದ ಕಾರಣ ದಶಕವನ್ನು ಪಕ್ಕಕ್ಕೆ ಒಯ್ಯುವ ಪ್ರಮೇಯವೇ ಇಲ್ಲ. ಹಾರದ ಅಂಕಿಗಳನ್ನೆಲ್ಲ ಕೂಡಿದರೆ 36 ಬರುವುದೂ ಇದರಿಂದಲೇ: ಆರು ಸಾಲು, ಸಾಲಿಗೆ ಆರು. ಒಂದುಗಳ ಸಂಖ್ಯೆಯನ್ನು ಒಂಬತ್ತಕ್ಕೆ ಏರಿಸುವವರೆಗೂ ಈ ಚೆಲುವು ನಿಲ್ಲುತ್ತದೆ, 12345678987654321ರವರೆಗೆ. ಹತ್ತು ಒಂದುಗಳನ್ನು ತೆಗೆದುಕೊಂಡೊಡನೆ ದಶಕ ಪಕ್ಕದ ಮನೆಗೆ ನುಗ್ಗಿ, 1234567900987654321 ಎಂದಾಗಿ, ಹಾರ ಕೆಡುತ್ತದೆ. ಈ ವಿವರಣೆ ಆರನೆಯ ತರಗತಿಯ ಮಗುವಿಗೆ ಅರ್ಥವಾಗುವಂಥದು. ಅರ್ಥವಾದ ಮೇಲೆ ಆ ಮಗು ದಶಕವೆಂಬುದನ್ನು ಬರಿಯ ಉಪದ್ರವವೆಂದು ಎಣಿಸಲಾರದು.

ಆದರೆ ಮಹಾವೀರನು 111111ನ್ನು ಅದರಿಂದಲೇ ಗುಣಿಸೆಂದು ಹೇಳಲಿಲ್ಲ. ಹಾಗೆ ಹೇಳಿದ್ದರೆ ಗುಟ್ಟು ಹೊಸ್ತಿಲಲ್ಲೇ ರಟ್ಟಾಗುತ್ತಿತ್ತು. 111 ಎಂಬುದು 3 ಮತ್ತು 37ರ ಗುಣಲಬ್ಧ. 1001 ಎಂಬುದು 7, 11, 13ರ ಗುಣಲಬ್ಧ. 111ನ್ನು 1001ರಿಂದ ಗುಣಿಸಿದರೆ 111111. ಆದಕಾರಣ ನಮ್ಮ ಹಾರವು 3, 7, 11, 13, 37 ಎಂಬ ಐದು ಅವಿಭಾಜ್ಯಗಳನ್ನು ಎರಡೆರಡು ಸಲ ತೆಗೆದುಕೊಂಡು ಕಟ್ಟಿದ್ದು. ಇದರಿಂದ ಮೂರನ್ನೂ ಏಳನ್ನೂ ಬೇರ್ಪಡಿಸಿದರೆ 21, ಅದರ ವರ್ಗ 441; ಮಿಕ್ಕ 11, 13, 37ರ ಗುಣಲಬ್ಧ 5291, ಅದರ ವರ್ಗ 27994681. ಎರಡು ಅಂಗಗಳೂ ವರ್ಗಗಳೇ. ಎರಡರಲ್ಲಿಯೂ ಹಾರದ ಸುಳಿವಿಲ್ಲ. ಹಾರದ ಈ ಒಂದು ಸಂಖ್ಯೆಗೆ ಒಟ್ಟು 243 ಭಾಜಕಗಳಿದ್ದು, ಒಂದನ್ನು ಅಂಗವಾಗಿ ಬಳಸದೆ ಅದನ್ನು ಎರಡು ಸಂಖ್ಯೆಗಳ ಗುಣಲಬ್ಧವಾಗಿ ಬರೆಯುವುದಕ್ಕೆ 121 ಬಗೆಗಳುಂಟು. ಅವುಗಳ ನಡುವೆ ಆಚಾರ್ಯನ ಕೈ ಈ ಒಂದನ್ನು ಆರಿಸಿಕೊಂಡಿತು. ಆತನ ಇನ್ನೊಂದು ಹಾರವೂ ಇದೇ ಅಕ್ಕಸಾಲೆಯದು: 11011011ನ್ನು 91ರಿಂದ ಗುಣಿಸಿದರೆ 1002002001. ಇಲ್ಲಿಯೂ ಹುದುಗಿರುವುದು ಆ 1001ರ ರಹಸ್ಯವೇ. ಹನ್ನೊಂದನ್ನು ಒಂದು ಕಡೆಗೂ, ಏಳು ಹದಿಮೂರುಗಳನ್ನು ಇನ್ನೊಂದು ಕಡೆಗೂ ಹಂಚಿದ್ದಾನೆ, ಅಷ್ಟೆ.

ಇಲ್ಲಿ ಒಂದು ಭೇದವನ್ನು ಗಮನಿಸದೆ ಮುಂದೆ ಹೋಗಕೂಡದು. ಹಾರದ ಏರಿಳಿತವೆಂಬುದು ಸಂಖ್ಯೆಗೆ ಹತ್ತರ ಪದ್ಧತಿಯ ಬರವಣಿಗೆ ಕೊಟ್ಟ ವೇಷ. ಮನುಷ್ಯನಿಗೆ ಹನ್ನೆರಡು ಬೆರಳುಗಳಿದ್ದು, ಹನ್ನೆರಡರ ಗುಂಪುಗಳಲ್ಲಿ ಎಣಿಸುವ ಪದ್ಧತಿ ಬಂದಿದ್ದರೆ ಅದೇ ಸಂಖ್ಯೆ ಬೇರೆ ಅಂಕಿಗಳನ್ನು ತೊಟ್ಟು ಯಾರ ಕಣ್ಣಿಗೂ ಬೀಳದೆ ಹೋಗುತ್ತಿತ್ತು. ಆದರೆ ಅದು ಐದು ಅವಿಭಾಜ್ಯಗಳ ಗುಣಲಬ್ಧದ ವರ್ಗವೆಂಬುದು ಯಾವ ಪದ್ಧತಿಯಲ್ಲಿ ಬರೆದರೂ ತಪ್ಪದು. ನಮ್ಮ ಮಾರುಕಟ್ಟೆಯಲ್ಲಿ ಕನ್ನಡ, ತೆಲುಗು, ಉರ್ದು ಮೂರರಲ್ಲಿಯೂ ಎಣಿಕೆ ನಡೆಯುತ್ತದೆ. ಮೂರರಲ್ಲಿಯೂ 441 ಎಂಬುದು 21ರ ವರ್ಗವೇ. ಬರವಣಿಗೆಯ ಚೆಲುವನ್ನೂ ಸಂಖ್ಯೆಯ ಸ್ವಂತ ಶೀಲವನ್ನೂ ಒಂದೇ ಉದಾಹರಣೆಯಲ್ಲಿ ಕೂಡಿಸಿದ್ದರಲ್ಲಿ ಮಹಾವೀರನ ಹೆಚ್ಚಳವಿದೆ.

ಹೆಚ್ಚಳವನ್ನು ಹೇಳುವಾಗ ಹಿಗ್ಗಿಸಿ ಹೇಳುವ ಚಾಳಿ ನಮ್ಮಲ್ಲಿ ಈಗ ಬಹಳವಾಗಿದೆ. ಎಲ್ಲವೂ ನಮ್ಮ ಹಿಂದಿನವರಿಗೆ ತಿಳಿದಿತ್ತೆಂದು ಸಾರುವವರು ಆ ಹಿಂದಿನವರ ಗ್ರಂಥವನ್ನು ತೆರೆದು ನೋಡುವುದು ಅಪೂರ್ವ. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ಕಂಡ ಇದೇ ಮಹಾವೀರನು, ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆಂದೂ ಬರೆದಿದ್ದಾನೆ, ಅದು ತಪ್ಪು. ತಪ್ಪನ್ನು ತಪ್ಪೆಂದು ಹೇಳುವುದರಿಂದ ಆತನ ಹಾರದ ಒಂದು ಮಣಿಯೂ ಉದುರುವುದಿಲ್ಲ. ಆತನ ತರುವಾಯ ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಮೊದಲಾದವನ್ನು ಕನ್ನಡದಲ್ಲಿಯೇ ರಚಿಸಿದನು. ಹೀಗೆ ಗಣಿತಕ್ಕೆ ಬೇಕಾದ ಮಾತು ನಮ್ಮಲ್ಲಿ ಇಲ್ಲವೆಂಬ ನೆಪಕ್ಕೂ ಎಡೆಯಿಲ್ಲ.

ಸಂಖ್ಯೆಯ ಶೀಲವನ್ನು ಕಲಿಸದೆ ಬಿಟ್ಟ ಜಾಗ ಖಾಲಿಯಾಗಿ ಉಳಿಯುವುದಿಲ್ಲ. ಅಲ್ಲಿಗೆ ಸಂಖ್ಯಾಶಾಸ್ತ್ರವೆಂಬ ಹೆಸರಿನ ಕಪಟ ಬಂದು ಕೂರುತ್ತದೆ. ಹೊಸ ವಾಹನ ಕೊಂಡವರು ಕೆಎ 40ರ ಮುಂದೆ ಯಾವ ನಾಲ್ಕು ಅಂಕಿಗಳು ಬರಬೇಕೆಂದು ಜೋಯಿಸರನ್ನು ಕೇಳಿ, ಅಂಕಿಗಳನ್ನು ಕೂಡಿ, ಬಂದದ್ದನ್ನು ಮತ್ತೆ ಕೂಡಿ, ಎಂಟು ಬಂದರೆ ಬೇಡವೆಂದೂ ಒಂಬತ್ತು ಬಂದರೆ ಶುಭವೆಂದೂ ಹೆಚ್ಚಿನ ಹಣ ತೆರುವುದನ್ನು ನಾವು ನಿತ್ಯವೂ ಕಾಣುತ್ತೇವೆ. ವಿನೋದವೇನೆಂದರೆ, ಅಂಕಿಗಳನ್ನು ಹೀಗೆ ಕೂಡುತ್ತ ಹೋದಾಗ ಕೊನೆಗೆ ಉಳಿಯುವ ಅಂಕಿ ಆ ಸಂಖ್ಯೆಯನ್ನು ಒಂಬತ್ತರಿಂದ ಭಾಗಿಸಿದಾಗ ಬರುವ ಶೇಷವೇ ಹೊರತು ಮತ್ತೇನಲ್ಲ. ನಿಶ್ಶೇಷವಾದಾಗ ಒಂಬತ್ತು ಉಳಿಯುತ್ತದೆ. ಜೋಯಿಸರು ತಮಗೆ ಅರಿವಿಲ್ಲದೆಯೇ ಸೊಗಸಾದ ಒಂದು ಗಣಿತಸತ್ಯವನ್ನು ಹಿಡಿದು, ಅದಕ್ಕೆ ಗ್ರಹಗತಿಯನ್ನು ತಗುಲಿಸಿ ಮಾರುತ್ತಿದ್ದಾರೆ. ಮೇಲೆ ಬಂದ 121 ಬಗೆಗಳ ಲೆಕ್ಕವನ್ನೇ ನೋಡಿ: ಅದು ತಾನೂ ಹನ್ನೊಂದರ ವರ್ಗ, ತಾನೂ ಒಂದು ಪುಟ್ಟ ಹಾರ. ಇದು ಬರಿಯ ಆಕಸ್ಮಿಕ. ಇದರಲ್ಲಿ ಶಕುನವನ್ನು ಹುಡುಕಿದವನು ಗಣಿತವನ್ನು ಬಿಟ್ಟು ಹೊರಟನೆಂದೇ ತಿಳಿಯಬೇಕು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿ, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ, 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸುವುದಕ್ಕೆ ಸಮಿತಿಯನ್ನೇ ರಚಿಸಿದ ಎಚ್. ನರಸಿಂಹಯ್ಯನವರು ನಮ್ಮ ಸೀಮೆಯವರು. ಅವರ ಸೀಮೆಯಲ್ಲಿ ಶುಭಸಂಖ್ಯೆಯ ವ್ಯಾಪಾರ ಇಷ್ಟು ಸಲೀಸಾಗಿ ನಡೆಯಬಾರದಿತ್ತು.

ಒಂಬತ್ತರ ಶೇಷಕ್ಕೆ ಯೋಗ್ಯವಾದ ಉಪಯೋಗವೊಂದನ್ನು ತೋರಿಸುತ್ತೇನೆ. ಬೆಂಗಳೂರಿನಲ್ಲಿ 1929ರಲ್ಲಿ ಜನಿಸಿ, ವಿಧಿವತ್ತಾದ ಶಾಲಾಶಿಕ್ಷಣವಿಲ್ಲದೆಯೇ ಜಗತ್ಪ್ರಸಿದ್ಧರಾದ ಶಕುಂತಲಾದೇವಿಯವರು 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ, ಅಲ್ಲಿಯ ಗಣಕ ವಿಭಾಗದವರು ಆರಿಸಿಕೊಟ್ಟ 7686369774870 ಮತ್ತು 2465099745779 ಎಂಬ ಹದಿಮೂರು ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲಿಯೇ ಗುಣಿಸಿ, 28 ಸೆಕೆಂಡುಗಳಲ್ಲಿ 18947668177995426462773730 ಎಂಬ ಉತ್ತರ ಕೊಟ್ಟರು. ಎಲ್ಲರೂ ಸೆಕೆಂಡುಗಳನ್ನು ನೆನಪಿಟ್ಟುಕೊಂಡರು. ಸಂಖ್ಯೆಯನ್ನು ನೋಡಿದವರು ಕಡಮೆ. ಇಪ್ಪತ್ತಾರು ಅಂಕಿಗಳ ಆ ಉತ್ತರವನ್ನು ಯಂತ್ರವಿಲ್ಲದೆ ಶೋಧಿಸಲು ನಮ್ಮಂಥವರಿಂದ ಸಾಧ್ಯವೇ ಎಂದರೆ, ಒಂದು ಮಟ್ಟಿಗೆ ಸಾಧ್ಯ. ಮೊದಲನೆಯ ಸಂಖ್ಯೆಯ ಅಂಕಿಗಳ ಮೊತ್ತ 78, ಮತ್ತೆ ಕೂಡಿದರೆ 15, ಮತ್ತೆ ಕೂಡಿದರೆ 6. ಎರಡನೆಯದರ ಮೊತ್ತ 74, ಅದರಿಂದ 11, ಅದರಿಂದ 2. ಆರೆರಡಲ ಹನ್ನೆರಡು, ಕೂಡಿದರೆ 3. ಉತ್ತರದ ಅಂಕಿಗಳ ಮೊತ್ತ 138. ಅದರಿಂದ 12, ಅದರಿಂದಲೂ 3. ತಾಳೆಯಾಯಿತು. ಅಂಕಿಗಳ ಸ್ಥಾನಪಲ್ಲಟವನ್ನು ಈ ಪರೀಕ್ಷೆ ಹಿಡಿಯಲಾರದೆಂಬ ಕೊರತೆಯನ್ನು ಹನ್ನೊಂದರ ಪರೀಕ್ಷೆ ಬಹುಮಟ್ಟಿಗೆ ತುಂಬುತ್ತದೆ: ಬಲದಿಂದ ಒಂದು ಬಿಟ್ಟು ಒಂದು ಅಂಕಿಯನ್ನು ಕೂಡುತ್ತ ಕಳೆಯುತ್ತ ಬಂದರೆ ಎರಡನೆಯ ಸಂಖ್ಯೆಗೆ ಸೊನ್ನೆ ಬರುತ್ತದೆ, ಎಂದರೆ ಅದು ಹನ್ನೊಂದರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, ಹಾಗಾದರೆ ಗುಣಲಬ್ಧವೂ ಭಾಗವಾಗಲೇಬೇಕು, ಇಪ್ಪತ್ತಾರು ಅಂಕಿಗಳನ್ನೂ ಹಾಗೆಯೇ ಕೂಡಿ ಕಳೆದು ನೋಡಿದರೆ ಸೊನ್ನೆಯೇ ಬರುತ್ತದೆ. ಅಸಾಧಾರಣ ಪ್ರತಿಭೆಯ ಫಲವನ್ನು ಒಬ್ಬ ಸಾಧಾರಣ ಮನುಷ್ಯನು ಕಾಗದದ ಚೂರೊಂದರ ಮೇಲೆ ಪರೀಕ್ಷಿಸಬಲ್ಲನೆಂಬುದು ನನಗೆ ಆ 28 ಸೆಕೆಂಡುಗಳಿಗಿಂತಲೂ ಹೆಚ್ಚಿನ ಸಂಗತಿಯಾಗಿ ಕಾಣುತ್ತದೆ.

ಇದರಿಂದ ಹೊಟ್ಟೆ ತುಂಬುತ್ತದೆಯೇ ಎಂದು ಕೇಳುವವರಿಗೆ ಮಾರುಕಟ್ಟೆಯಿಂದಲೇ ಉತ್ತರ ಕೊಡಬಹುದು. ಲೆಕ್ಕ ಬರೆಯುವವನು 5,480 ಎಂದು ಬರೆಯಬೇಕಾದಲ್ಲಿ ಕೈತಪ್ಪಿ 5,840 ಎಂದು ಬರೆದರೆ ವ್ಯತ್ಯಾಸ 360; ಒಂಬತ್ತರಿಂದ ಭಾಗವಾಗುತ್ತದೆ. ಯಾವ ಎರಡು ಅಂಕಿಗಳು ಅದಲುಬದಲಾದರೂ ವ್ಯತ್ಯಾಸ ಒಂಬತ್ತರ ಮಡಿಯೇ ಆಗಿರುತ್ತದೆ. ಅನುಭವಿಯಾದ ಗುಮಾಸ್ತನು ಸಂಜೆ ಲೆಕ್ಕ ತಾಳೆಯಾಗದಿದ್ದಾಗ ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿ ನೋಡಿ, ಭಾಗವಾದರೆ ಅಂಕಿ ತಿರುವುಮುರುವಾಗಿರುವ ಕಡೆಯನ್ನು ಮೊದಲು ಹುಡುಕುತ್ತಾನೆ. ಇದನ್ನು ಶಾಲೆಯಲ್ಲಿ ಕಲಿಸಿದ್ದರೆ ಎಷ್ಟೋ ದೀಪದೆಣ್ಣೆ ಉಳಿಯುತ್ತಿತ್ತು.

ಇನ್ನೂ ದೊಡ್ಡ ಉತ್ತರವೂ ಒಂದಿದೆ. ನಮ್ಮ ಗೂಡಿನ ಮಾರುಕಟ್ಟೆಯಲ್ಲಿ ಈಗ ಇ-ಹರಾಜು ನಡೆಯುತ್ತದೆ. ನೂಲು ಬಿಚ್ಚುವ ರೀಲರು ಮೊಬೈಲಿನಲ್ಲಿ ಬೆಲೆ ಕೂಗುತ್ತಾನೆ, ಹಣ ರೈತನ ಬ್ಯಾಂಕು ಖಾತೆಗೆ ಜಮೆಯಾಗುತ್ತದೆ. ಅಂತರ್ಜಾಲದಲ್ಲಿ ಹೀಗೆ ಹಣ ಸಂಚರಿಸುವಾಗ ನಡುವೆ ಯಾರೂ ಕದ್ದು ಓದದಂತೆ, ತಿದ್ದದಂತೆ ಕಾಯುವ ವಿಧಾನಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಒಂದನ್ನು 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಕಂಡುಹಿಡಿದರು. ಅದರ ತಿರುಳಿಷ್ಟೆ: ಎರಡು ಭಾರಿ ಅವಿಭಾಜ್ಯಗಳನ್ನು ಗುಣಿಸುವುದು ಯಂತ್ರಕ್ಕೆ ಕ್ಷಣದ ಕೆಲಸ, ಗುಣಲಬ್ಧವನ್ನು ಮಾತ್ರ ಕೊಟ್ಟು ಮೂಲದ ಎರಡನ್ನು ತೆಗೆ ಎಂದರೆ ಮಹಾಯಂತ್ರಗಳೂ ಕೈಚೆಲ್ಲುತ್ತವೆ. ನೂಲು ಬಿಚ್ಚುವವರಿಗೆ ಇದನ್ನು ತಿಳಿಸುವುದು ಸುಲಭ. ಬಿಸಿನೀರಿನಲ್ಲಿ ಬೆಂದ ಗೂಡಿನ ಮೇಲಿಂದ ಎಳೆಯ ತುದಿ ಸಿಕ್ಕಿತೆಂದರೆ ಗೂಡೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ. ತುದಿ ಸಿಕ್ಕದ ಗೂಡು ಕೈಯಲ್ಲಿದ್ದೂ ಕೈಗೆ ಬಾರದು. ಹಾಗೆಯೇ ಸಂಖ್ಯೆಯ ಒಂದು ಭಾಜಕ ಸಿಕ್ಕಿದರೆ ಮಿಕ್ಕದ್ದು ಬಿಚ್ಚುತ್ತದೆ. ಇಂದು ಸಾಮಾನ್ಯವಾಗಿ ಬಳಸುವ ಇಂಥ ಸಂಖ್ಯೆಗೆ 617 ಅಂಕಿಗಳಿರುತ್ತವೆ. 250 ಅಂಕಿಗಳ ಒಂದನ್ನು 2020ರಲ್ಲಿ ಒಡೆಯುವುದಕ್ಕೆ, ಒಂದೇ ಗಣಕಕೋಶವು ದುಡಿದಿದ್ದರೆ ಸುಮಾರು 2,700 ವರ್ಷಗಳು ಹಿಡಿಯುವಷ್ಟು ಕೆಲಸವನ್ನು ಅನೇಕ ಯಂತ್ರಗಳು ಹಂಚಿಕೊಂಡು ಮಾಡಬೇಕಾಯಿತು. ಮಹಾವೀರನು ಸುಂದರವಾದ ಗುಣಲಬ್ಧಕ್ಕಾಗಿ ಅವಿಭಾಜ್ಯಗಳನ್ನು ಹಂಚಿದನು. ಈ ಕಾಲದವರು ಯಾರೂ ಒಡೆಯಲಾಗದ ಗುಣಲಬ್ಧಕ್ಕಾಗಿ ಅವನ್ನು ಆರಿಸುತ್ತಾರೆ. ವಿದ್ಯೆ ಒಂದೇ.

ಗಾತ್ರವೂ ಬೆಲೆ ಪಡೆಯುವುದು ಶೀಲದಿಂದಲೇ ಎಂಬುದಕ್ಕೆ 2024ರ ಅಕ್ಟೋಬರಿನಲ್ಲಿ ಪ್ರಕಟವಾದ, ಆವರೆಗೆ ತಿಳಿದವುಗಳಲ್ಲಿ ಅತಿದೊಡ್ಡದಾದ ಅವಿಭಾಜ್ಯವನ್ನು ಹೇಳಬಹುದು. ಎರಡನ್ನು 13,62,79,841 ಸಲ ಬರೆದು ಗುಣಿಸಿ, ಒಂದು ಕಳೆದರೆ ಅದು, ಅಂಕಿಗಳೇ 4,10,24,320. ಅದಕ್ಕಿಂತ ಒಂದು ಹೆಚ್ಚಾದ ಸಂಖ್ಯೆ ಅದಕ್ಕಿಂತ ದೊಡ್ಡದು, ಆದರೆ ಅದನ್ನು ಯಾರೂ ಕೇಳುವುದಿಲ್ಲ. ಒಂದು ಸಂಖ್ಯೆ ಅವಿಭಾಜ್ಯವೇ ಎಂದು ಅಂಕಿಗಳು ಹೆಚ್ಚಿದರೂ ಮಿತಿಮೀರಿ ಬೆಳೆಯದ ಕಾಲದಲ್ಲಿ ನಿಸ್ಸಂದೇಹವಾಗಿ ನಿರ್ಣಯಿಸುವ ಕ್ರಮವನ್ನು 2002ರಲ್ಲಿ ಕಾನ್ಪುರದ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಎಂಬ ಮೂವರು ಕೊಟ್ಟು ಪ್ರಪಂಚದ ಗಣಿತಜ್ಞರನ್ನು ಬೆರಗುಗೊಳಿಸಿದರು. ನಮ್ಮ ಮಕ್ಕಳಿಗೆ ಸಂಖ್ಯೆಯ ವಿಷಯದಲ್ಲಿ ನಾವು ಹೇಳುವ ಕಥೆ ಮಾತ್ರ ಇಂದಿಗೂ ರಾಮಾನುಜನ್ನರ 1729 ಒಂದೇ. ಹೇಳಿ ಹೇಳಿ ಅದು ಸವೆದುಹೋಗಿದೆ.

ಇಷ್ಟಾಗಿ ನಾನು ಕೇಳುವುದು ಬಹಳವಲ್ಲ. ಹೊಸ ಪರೀಕ್ಷೆ ಬೇಡ, ಹೊಸ ವಿಷಯ ಬೇಡ, ಅಧ್ಯಾಪಕರ ತಲೆಯ ಮೇಲೆ ಇನ್ನೊಂದು ನಮೂನೆಯ ಭಾರವೂ ಬೇಡ. ಅವರ ಪಾಡು ಈಗಲೇ ಸಾಕಷ್ಟಾಗಿದೆ. ವಾರಕ್ಕೊಮ್ಮೆ, ಅಂಕವಿಲ್ಲದ ಒಂದು ಗಂಟೆ, ಕರಿಹಲಗೆಯ ಮೇಲೆ ಒಂದು ದೊಡ್ಡ ಸಂಖ್ಯೆಯನ್ನು ಬರೆದು ಇದರ ಸ್ವಭಾವವೇನೆಂದು ಮಕ್ಕಳನ್ನು ಕೇಳಲಿ. ಮೊಬೈಲು ಒಂದು ನಿಮಿಷದಲ್ಲಿ ಹೇಳಿಬಿಡುವುದನ್ನು ಮಕ್ಕಳು ಗಂಟೆಗಟ್ಟಲೆ ಏಕೆ ಹುಡುಕಬೇಕೆಂಬ ಆಕ್ಷೇಪಕ್ಕೆ ನನ್ನ ಸಮಾಧಾನವಿಷ್ಟು: ಮೊಬೈಲು ಭಾಜಕಗಳನ್ನು ಹೇಳುತ್ತದೆ, 1001ರಲ್ಲಿ ಏಳು, ಹನ್ನೊಂದು, ಹದಿಮೂರು ಅಡಗಿರುವುದನ್ನು ತಾನೇ ಕಂಡ ಮಗುವಿನ ಮುಖದ ಮೇಲೆ ಬರುವ ಹರ್ಷವನ್ನು ಅದು ಕೊಡಲಾರದು, ಆ ಹರ್ಷದ ರುಚಿ ಒಮ್ಮೆ ಹತ್ತಿದ ಮಗುವನ್ನು ಗಣಿತದ ಭಯ ಹಾಗೆ ಸುಲಭವಾಗಿ ಹಿಡಿಯದು. ಪಠ್ಯಪುಸ್ತಕವನ್ನು ರಚಿಸುವವರು ಮಹಾವೀರನ ಹೆಸರನ್ನು ಪ್ರಾಚೀನ ಗಣಿತಜ್ಞರ ಪಟ್ಟಿಯಲ್ಲಿ ಒಂದು ಸಾಲಾಗಿ ಸೇರಿಸುವುದರ ಬದಲು ಆತನ ಲೆಕ್ಕವನ್ನೇ ಕೊಡಲಿ. ಗ್ರಂಥ ದುರ್ಲಭವೆಂಬ ಮಾತು ನಡೆಯದು. ಎಂ. ರಂಗಾಚಾರ್ಯರು 'ಗಣಿತಸಾರಸಂಗ್ರಹ'ವನ್ನು ಇಂಗ್ಲಿಷ್ ಅನುವಾದದೊಡನೆ ಸಂಪಾದಿಸಿ 1912ರಲ್ಲಿಯೇ ಮದರಾಸಿನಿಂದ ಪ್ರಕಟವಾಗುವಂತೆ ಮಾಡಿದರು. ಪದ್ಮಾವತಮ್ಮನವರು ಮಾಡಿದ ಕನ್ನಡ ಅನುವಾದ ಹೊಂಬುಜ ಜೈನಮಠದ ಗ್ರಂಥಮಾಲೆಯಲ್ಲಿ 2000ದಲ್ಲಿ ಹೊರಬಂದಿದೆ.

ಸಮಿತಿಗಳು ಸೇರುವವರೆಗೆ ಓದುಗರು ಕಾಯಬೇಕಾಗಿಲ್ಲ. ಆಚಾರ್ಯನು ಕೊಟ್ಟಿರುವ ಇನ್ನೊಂದು ಗುಣಾಕಾರವನ್ನು ಇಲ್ಲಿ ಬರೆದಿದ್ದೇನೆ: 333333666667ನ್ನು 33ರಿಂದ ಗುಣಿಸಬೇಕು. ಮನೆಯಲ್ಲಿ ಶಾಲೆಗೆ ಹೋಗುವ ಮಗುವಿದ್ದರೆ ಅದರ ಕೈಗೆ ಕಾಗದವನ್ನೂ ಪೆನ್ಸಿಲನ್ನೂ ಕೊಟ್ಟು ಪಕ್ಕದಲ್ಲಿ ಕುಳಿತುಕೊಳ್ಳಿ; ಉತ್ತರವನ್ನು ಮುಂಚೆಯೇ ಹೇಳಬೇಡಿ.